ಎಲೆಗೆ ಅಡ್ಡ ಹಿಡಿದ ಕೈ

'ಊಟ ಆಯ್ತಾ?' ನಮ್ಮಲ್ಲಿ ಇದು ಪ್ರಶ್ನೆಗಿಂತ ಹೆಚ್ಚಾಗಿ ನಮಸ್ಕಾರ. ಉತ್ತರ 'ಆಯ್ತು' ಎಂದೇ ಇರಬೇಕು. ಇಪ್ಪತ್ತು ವರ್ಷ ಒಂದು ಕಾಯಿಲೆಯನ್ನು ಬಚ್ಚಿಟ್ಟುಕೊಳ್ಳಲು ಆ ಒಂದು ಪದ ಸಾಕು.

*

ಮಗು ಊಟ ಬಿಟ್ಟರೆ ಮನೆಯೆಲ್ಲ ಅಲ್ಲೋಲಕಲ್ಲೋಲ. ನಲವತ್ತರವರು ಬಿಟ್ಟರೆ 'ಡಯೆಟ್ಟಾ?' ಎಂದು ಕೇಳಿ ಮೆಚ್ಚಿಕೊಳ್ಳುತ್ತೇವೆ.

*

ನನ್ನ ಚಿಕ್ಕಮ್ಮನ ಮಗಳು ಮದುವೆ ಮನೆಯಲ್ಲಿ ಎಲೆಗೆ ಕೈ ಅಡ್ಡ ಹಿಡಿದೇ ಕೂರುತ್ತಾಳೆ. ಬಡಿಸುವವರು ಬೆರಳ ಸಂದಿಯಲ್ಲೇ ಹುಳಿ ಸುರಿದು ಮುಂದೆ ಹೋಗುತ್ತಾರೆ. ಅವರಿಗೆ ಅದು ಉಪಚಾರ. ಹುಳಿ ಹರಿದು ಪಲ್ಯಕ್ಕೆ ತಾಗಿ, ಪಲ್ಯದ ನೀರು ಅನ್ನಕ್ಕೆ ಇಳಿದ ಕ್ಷಣಕ್ಕೆ ಅವಳ ಊಟ ಮುಗಿಯಿತು. ಇನ್ನು ಪಂಕ್ತಿ ಏಳುವವರೆಗೆ ಅಕ್ಕಪಕ್ಕದವರ ಸೊರ್‍ ಸೊರ್‍ ಸದ್ದು ಕೇಳುತ್ತಾ ಕೂರುವುದಷ್ಟೇ. 'ಸೊಕ್ಕು' ಎಂದರು ಒಬ್ಬರು. 'ಫಿಗರ್ ಕಾಪಾಡ್ಕೋತಾಳೆ' ಎಂದರು ಇನ್ನೊಬ್ಬರು. ಆ ಮಾತಿಗೆ ನಾನೂ ನಕ್ಕಿದ್ದೇನೆ.

*

ಅವಳಿಗೆ ಆಟಿಸಂ ಇದೆ ಎಂದು ತಿಳಿದಾಗ ವಯಸ್ಸು 39. ಆಟಿಸಂ ಎಂದರೆ ಮಾತು ಬಾರದ ಗಂಡುಮಗು ಎಂದಷ್ಟೇ ತಿಳಿದಿದ್ದ ನಾವು, ಬ್ಯಾಂಕಿನ ಕೌಂಟರಿನಲ್ಲಿ ಕೂತು ದಿನವಿಡೀ ಜನರೊಡನೆ ಮಾತಾಡುವವಳಿಗೆ ಅದು ಹೇಗಿದ್ದೀತು ಎಂದೆವು. ಯಾರನ್ನು ನೋಡಿ ಎಷ್ಟು ನಗಬೇಕು, ಯಾವಾಗ 'ಹೌದಾ' ಎನ್ನಬೇಕು, ಎಲ್ಲವನ್ನೂ ಮಗ್ಗಿಯ ಹಾಗೆ ಕಲಿತಿದ್ದಳಂತೆ. ನಾಲಿಗೆಗೆ ಮಗ್ಗಿ ಕಲಿಸಲು ಆಗಲಿಲ್ಲ.

*

ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತದೆ ಗಾದೆ. ಊಟವೇ ರೋಗವಾದವನ ವಿಷಯಕ್ಕೆ ಗಾದೆ ಬಾಯಿ ಬಿಡುವುದಿಲ್ಲ.

*

'ಅನೊರೆಕ್ಸಿಯಾ' ಎಂದರೆ ಗ್ರೀಕಿನಲ್ಲಿ ಹಸಿವಿಲ್ಲದಿರುವುದು. 1873ರಲ್ಲಿ ಲಂಡನ್ನಿನ ವಿಲಿಯಂ ಗಲ್, ಅದೇ ವರ್ಷ ಪ್ಯಾರಿಸಿನ ಲಸೇಗ್ ಊಟ ಬಿಡುವ ಈ ಕಾಯಿಲೆಯನ್ನು ವಿವರಿಸಿದರು. ಗಲ್ ಇಟ್ಟ ಹೆಸರು ನಿಂತಿತು. ಹೆಸರೇ ತಪ್ಪು. ಈ ರೋಗಿಗಳಲ್ಲಿ ಬಹಳ ಮಂದಿಗೆ ಹಸಿವು ಸತ್ತಿರುವುದಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ಅದರೊಡನೆ ಕುಸ್ತಿ ನಡೆದಿರುತ್ತದೆ.

*

ಈ ಕಾಯಿಲೆ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಕನ್ನಡಿ ಮುಂದೆ ನಿಂತ ಹದಿನಾರರ ಹುಡುಗಿ. ಹಾಂಗ್‌ಕಾಂಗ್‌ನ ಮನೋವೈದ್ಯ ಸಿಂಗ್ ಲೀ 1990ರ ದಶಕದ ಆರಂಭದಲ್ಲಿ ತಮ್ಮ ರೋಗಿಗಳನ್ನು ಕೇಳಿ ನೋಡಿದರು. ಹಲವರು ದಪ್ಪಗಾಗುವ ಭಯದ ಮಾತನ್ನೇ ಎತ್ತಲಿಲ್ಲ. ಹೊಟ್ಟೆ ಉಬ್ಬರಿಸುತ್ತದೆ, ಸೇರುವುದಿಲ್ಲ ಎಂದರು. ಕನ್ನಡಿಯೇ ಇಲ್ಲದ ಮನೆಯಲ್ಲೂ ಅನ್ನ ಉಳಿಯುತ್ತದೆ.

*

ದಪ್ಪಗಾಗುವ ಭಯವಿಲ್ಲ, ಆದರೂ ತಿನ್ನಲಾಗುವುದಿಲ್ಲ: ಇದಕ್ಕೆ 'ಅರ್ಫಿಡ್' ಎಂಬ ಹೆಸರು ಬಂದದ್ದು 2013ರಲ್ಲಿ, ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5ರಲ್ಲಿ. ವಾಸನೆ, ಜಿಗುಟು, ಸದ್ದು ತಡೆಯಲಾಗದೆ ಕೆಲವರು ಬಿಡುತ್ತಾರೆ. ಗಂಟಲಿಗೆ ಸಿಕ್ಕೀತು, ವಾಂತಿಯಾದೀತು ಎಂಬ ಭಯಕ್ಕೆ ಕೆಲವರು ಬಿಡುತ್ತಾರೆ. ಊಟವೆಂಬ ವಿಷಯದಲ್ಲೇ ಆಸಕ್ತಿ ಇಲ್ಲದೆ ಬಿಡುವವರೂ ಇದ್ದಾರೆ. ಅದಕ್ಕೆ ಮೊದಲಿನ ಕೈಪಿಡಿಯಲ್ಲಿ ಇಂಥ ತೊಂದರೆ ಆರು ವರ್ಷದೊಳಗೆ ಶುರುವಾಗಿದ್ದರೆ ಮಾತ್ರ ಲೆಕ್ಕಕ್ಕೆ. ಅಂದರೆ ದೊಡ್ಡವರು ಊಟ ಬಿಡುತ್ತಿದ್ದರು, ಪುಸ್ತಕದಲ್ಲಿ ಅವರಿಗೆ ಜಾಗವಿರಲಿಲ್ಲ.

*

'ಎರಡು ದಿನ ಉಪವಾಸ ಕೆಡವಿದರೆ ತಾನೇ ತಿಂತಾಳೆ.' ಇಷ್ಟು ವಿಶ್ವಾಸದಿಂದ ಹೇಳುವ, ಇಷ್ಟು ಅಪಾಯದ ಸುಳ್ಳು ನಮ್ಮ ಅಡುಗೆಮನೆಗಳಲ್ಲಿ ಇನ್ನೊಂದಿಲ್ಲ. ಅರ್ಫಿಡ್ ಇರುವವರು ಮೂರನೆಯ ದಿನವೂ ತಿನ್ನದೆ ಕೂರಬಲ್ಲರು.

*

ಹಳೆ ಅಕ್ಕಿಯ ಅನ್ನ ಉದುರುದುರು, ಹೊಸ ಅಕ್ಕಿಯದು ಮುದ್ದೆ. ನಮಗೆ ಇದು ಅಂಗಡಿಯವನೊಡನೆ ಒಂದು ನಿಮಿಷದ ತಕರಾರು. ಚಿಕ್ಕಮ್ಮನ ಮಗಳಿಗೆ ಆ ತಿಂಗಳಿನ ಊಟವೇ ಹೋದ ಹಾಗೆ. ಅವಳು ತಿನ್ನುವುದು ಮೊಸರನ್ನ, ಒಗ್ಗರಣೆ ಇಲ್ಲದ್ದು, ಅದೇ ಅಂಚು ನೆಗ್ಗಿದ ಸ್ಟೀಲ್ ಬಟ್ಟಲಿನಲ್ಲಿ. ಒಮ್ಮೆ ಕೇಳಿದೆ, ದಿನಾ ಅದೇ ತಿಂದರೆ ಬೇಸರ ಬರುವುದಿಲ್ಲವಾ ಎಂದು. 'ಅಕ್ಕ, ನಿನಗೆ ದಿನಾ ಅದೇ ದಿಂಬಿನ ಮೇಲೆ ಮಲಗೋಕೆ ಬೇಸರ ಬರುತ್ತಾ?' ಎಂದಳು.

*

ಕೈರುಚಿ ಎಂದು ನಾವು ಹೊಗಳುವುದು ಇವತ್ತಿನ ಸಾರು ನಿನ್ನೆಯಂತಿಲ್ಲದಿರುವುದನ್ನು. ಅವಳಿಗೆ ಬೇಕಾದದ್ದು ನಿನ್ನೆಯಂತೆಯೇ ಇರುವ ಸಾರು. ಪೊಟ್ಟಣದ ಬಿಸ್ಕತ್ತು ಮಾತು ಉಳಿಸಿಕೊಳ್ಳುತ್ತದೆ, ಬೆಂಡೆಕಾಯಿ ಉಳಿಸಿಕೊಳ್ಳುವುದಿಲ್ಲ. ಕಂಪನಿಯವರು ಬಿಸ್ಕತ್ತಿನ ಹದ ಬದಲಿಸಿದ ವಾರ ಅವಳು ಅತ್ತದ್ದನ್ನು ನೋಡಿದ್ದೇನೆ. ನಗು ಬರಲಿಲ್ಲ.

*

ರಾಗಿಮುದ್ದೆಯನ್ನು ಅಗಿಯಬಾರದು, ನುಂಗಬೇಕು. ಗಂಟಲಿನ ಮೇಲೆ ಭರವಸೆ ಇದ್ದವರ ಊಟ ಅದು.

*

ಹಸಿವು ಎಂಬುದು ಒಳಗಿನಿಂದ ಬರುವ ಸುದ್ದಿ. ಕೆಲವರ ಮನೆಗೆ ಆ ಪತ್ರಿಕೆಯೇ ಬರುವುದಿಲ್ಲ. ಹೊಟ್ಟೆ ಗುಡುಗುಡು ಎಂದದ್ದು ತಿಳಿಯುವುದಿಲ್ಲ. ಕೈ ನಡುಗಿದಾಗ, ತಲೆ ಸಿಡಿದಾಗ, ಮನೆಯವರ ಮೇಲೆ ಸುಮ್ಮಸುಮ್ಮನೆ ರೇಗಿದಾಗ ತಿಳಿಯುತ್ತದೆ. ಆಟಿಸಂ ಇರುವ ಹಲವರಲ್ಲಿ ಇದು ಉಂಟು. ಅನೊರೆಕ್ಸಿಯಾ ಇದ್ದವರಿಗೆ ತಮ್ಮ ಒಳಗಿನ ಸಂಜ್ಞೆಗಳೇ ಗುರುತು ಸಿಗುವುದಿಲ್ಲ ಎಂದು ಮನೋವೈದ್ಯೆ ಹಿಲ್ಡ ಬ್ರೂಕ್ 1962ರಲ್ಲೇ ಬರೆದಿದ್ದರು. 'ಹಸಿದಾಗ ತಿನ್ನಿ' ಎಂಬ ಸಲಹೆ ಇಂಥವರಿಗೆ, ಕಿವಿ ಕೇಳದವರಿಗೆ ಬಾಗಿಲು ಬಡಿದು ಹೋದ ಹಾಗೆ. ಮೊಬೈಲಿನಲ್ಲಿ ಒಂದು ಗಂಟೆಗೆ ಅಲಾರಂ ಇಡುವುದು ಮೇಲು.

*

ಎಡಿಎಚ್‌ಡಿ ಎಂಬ, ಗಮನ ಹಿಡಿತಕ್ಕೆ ಸಿಗದ ತೊಂದರೆ ಇರುವ ಗೆಳೆಯನ ಮೇಜಿನ ಮೇಲೆ ಬೆಳಗಿನ ಕಾಫಿ ಸಂಜೆ ಕೆನೆಗಟ್ಟಿ ಕೂತಿರುತ್ತದೆ. ಮಧ್ಯಾಹ್ನದ ಡಬ್ಬಿ ಬ್ಯಾಗಿನಲ್ಲೇ ಹಳಸುತ್ತದೆ. ಕೆಲಸ ಹಿಡಿದರೆ ಹೊಟ್ಟೆ ಎಂಬುದೊಂದು ಇದೆ ಎಂಬುದೇ ಅವನಿಗೆ ಮರೆತಿರುತ್ತದೆ. ರಾತ್ರಿ ಹನ್ನೊಂದಕ್ಕೆ ದೀಪವನ್ನೂ ಹಾಕದೆ ಫ್ರಿಜ್ಜಿನ ಬೆಳಕಿನಲ್ಲಿ ನಿಂತು, ಸಿಕ್ಕಿದ ಡಬ್ಬಿಗಳನ್ನೆಲ್ಲ ಖಾಲಿ ಮಾಡುತ್ತಾನೆ. ಏನು ತಿಂದೆ ಎಂಬ ನೆನಪೂ ಉಳಿಯುವುದಿಲ್ಲ. ಆಮೇಲೆ ನಾಚಿಕೆ, ನಾಳೆ ಏನೂ ತಿನ್ನುವುದಿಲ್ಲ ಎಂಬ ಶಪಥ, ಆ ಶಪಥದಿಂದಲೇ ನಾಳೆ ರಾತ್ರಿ ಇನ್ನೂ ದೊಡ್ಡ ಹಸಿವು. ಹಗಲು ಮರೆತದ್ದನ್ನು ಹೊಟ್ಟೆ ರಾತ್ರಿ ಬಡ್ಡಿ ಸಮೇತ ವಸೂಲು ಮಾಡುತ್ತದೆ. ನಾವು ಅದಕ್ಕೆ ಹೊಟ್ಟೆಬಾಕತನ ಎನ್ನುತ್ತೇವೆ.

*

ಎಡಿಎಚ್‌ಡಿಗೆಂದು 2007ರಲ್ಲಿ ಅಮೆರಿಕ ಒಪ್ಪಿದ ಲಿಸ್‌ಡೆಕ್ಸಾಂಫೆಟಮಿನ್ ಎಂಬ ಔಷಧವನ್ನು 2015ರಲ್ಲಿ ವಯಸ್ಕರ ಬಿಂಜ್ ಈಟಿಂಗಿಗೂ, ಅಂದರೆ ತಡೆಯಿಲ್ಲದೆ ತಿನ್ನುವ ಕಾಯಿಲೆಗೂ, ಒಪ್ಪಿತು. ಒಂದೇ ಬೀಗದ ಕೈ ಎರಡು ಕೋಣೆಗೆ ಹೊಂದಿದರೆ, ಆ ಕೋಣೆಗಳು ಒಂದೇ ಮನೆಯವಿರಬಹುದು. ಆದರೆ ಅದೇ ಬಗೆಯ ಗುಳಿಗೆಗಳು ಹಸಿವನ್ನು ಅಡಗಿಸುತ್ತವೆ. ಊಟ ಬಿಡಲು ನೆವ ಹುಡುಕುವವರ ಕೈಯಲ್ಲಿ ಅದು ಕತ್ತಿ. ವೈದ್ಯರಿಗೆ ಊಟದ ಕಥೆ ಪೂರ್ತಿ ಹೇಳದೆ ಅದನ್ನು ನುಂಗಬಾರದು.

*

1944ರ ನವೆಂಬರಿನಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ಫುಟ್‌ಬಾಲ್ ಕ್ರೀಡಾಂಗಣದ ಕೆಳಗಿನ ಕೋಣೆಗಳಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಯುವಕರನ್ನು ಇರಿಸಿಕೊಂಡರು. ಯುದ್ಧದಲ್ಲಿ ಕೊಲ್ಲಲು ಮನಸ್ಸೊಪ್ಪದೆ, ಬದಲಿಗೆ ಹಸಿದಿರಲು ಒಪ್ಪಿದವರು. ಮೊದಲು ಕೆಲವು ವಾರ ಹೊಟ್ಟೆ ತುಂಬ ಊಟ, ಆಮೇಲೆ 24 ವಾರ ಅರೆಹೊಟ್ಟೆ. ಗಟ್ಟಿಮುಟ್ಟಾಗಿದ್ದ ಆ ಹುಡುಗರು ಅಡುಗೆ ಪುಸ್ತಕ ಕೂಡಿಡತೊಡಗಿದರು, ತಟ್ಟೆ ನೆಕ್ಕಿದರು, ಇಷ್ಟೇ ಇಷ್ಟು ಊಟವನ್ನು ಚೂರು ಮಾಡಿ ಗಂಟೆಗಟ್ಟಲೆ ಎಳೆದರು, ಗೆಳೆಯರಿಂದ ದೂರವಾದರು, ಸಣ್ಣದಕ್ಕೆಲ್ಲ ಸಿಡುಕಿದರು. ಹಸಿವು ಯಾರನ್ನೂ ಬಿಡುವುದಿಲ್ಲ. ಯಾರ ಮನಸ್ಸನ್ನಾದರೂ ಇಕ್ಕಟ್ಟಿನ ಓಣಿ ಮಾಡುತ್ತದೆ.

ಅದಕ್ಕೇ ವೈದ್ಯರು ಬಹುಕಾಲ, ತೂಕ ಬಂದರೆ ಅನೊರೆಕ್ಸಿಯಾ ರೋಗಿಯ ಮನಸ್ಸಿನ ಬಿಗಿತನವೂ ಹೋಗುತ್ತದೆ ಎಂದು ನಂಬಿದ್ದರು. ಕೆಲವರಲ್ಲಿ ಹೋಯಿತು. ಕೆಲವರಲ್ಲಿ ತೂಕ ಬಂತು, ಬಿಗಿತನ ಹಾಗೇ ಉಳಿಯಿತು. ಅದು ಕಾಯಿಲೆಗೆ ಮೊದಲೇ, ಅಂಗನವಾಡಿಯ ವಯಸ್ಸಿನಿಂದಲೇ ಇದ್ದದ್ದು. ಅದನ್ನು ಹೇಳುವವರು ಬೇಕಲ್ಲ. 40ರ ರೋಗಿಯ ತಾಯಿ ಬದುಕಿರಬೇಕು, ಆಕೆಗೆ ನೆನಪಿರಬೇಕು, 'ನಮ್ಮ ಮಗು ಚೆನ್ನಾಗೇ ಇತ್ತು' ಎಂದು ಬಾಯಿ ಮುಚ್ಚಿಸದಿರಬೇಕು.

*

ಅನೊರೆಕ್ಸಿಯಾಕ್ಕೂ ಆಟಿಸಂಗೂ ನಂಟಿದೆಯೇ ಎಂದು ಸ್ವೀಡನ್ನಿನ ಕ್ರಿಸ್ಟೊಫರ್ ಗಿಲ್‌ಬರ್ಗ್ 1983ರಲ್ಲೇ ಕೇಳಿದ್ದರು. ಈಚಿನ ಅಧ್ಯಯನಗಳ ಪ್ರಕಾರ ಅನೊರೆಕ್ಸಿಯಾ ಚಿಕಿತ್ಸೆಗೆ ಬರುವ ಮಹಿಳೆಯರಲ್ಲಿ ಸುಮಾರು ಐದಕ್ಕೆ ಒಬ್ಬರಿಂದ ಮೂರಕ್ಕೆ ಒಬ್ಬರಷ್ಟು ಮಂದಿಯಲ್ಲಿ ಆಟಿಸಂನ ಲಕ್ಷಣಗಳು ಎದ್ದು ಕಾಣುತ್ತವೆ. ಒಂದು ವಾರ್ಡಿನಲ್ಲಿ ಹತ್ತು ಹಾಸಿಗೆ ಇದ್ದರೆ ಎರಡೋ ಮೂರೋ. ಆದರೂ ಎಲ್ಲರೂ ಒಂದೇ ಮೇಜಿಗೆ ಕೂತು, ಒಂದೇ ಊಟವನ್ನು, ಕೊಟ್ಟ ಅರ್ಧ ಗಂಟೆಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ ಮುಗಿಸಬೇಕು ಎಂದರೆ, ಮದ್ದು ಕೊಡುವವರೇ ಗಾಯದ ಮೇಲೆ ಕೂತ ಹಾಗೆ.

*

ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆ ಬಳಗದ ಕೇಟ್ ಚಾಂಟೂರಿಯ ಮತ್ತು ಸಂಗಡಿಗರು ಎರಡೂ ಇರುವವರಿಗೆಂದು 'ಪೀಸ್' ಎಂಬ ಕ್ರಮ ರೂಪಿಸಿದರು. ಕಣ್ಣಿಗೆ ಹೊಡೆಯದ ಗೋಡೆಬಣ್ಣ, ಸಪ್ಪೆ ರುಚಿಯ ಬೇರೆ ಮೆನು, ತನಗೆ ಯಾವುದು ಆಗಿಬರುವುದಿಲ್ಲ ಎಂಬುದನ್ನು ರೋಗಿ ಮೊದಲೇ ಬರೆದುಕೊಡುವ ಚೀಟಿ. ಇಷ್ಟೇ. ಮನೆಗೆ ಬಂದ ಬಾಣಂತಿಗೆ ನಮ್ಮ ಅಜ್ಜಿಯರು ಇದಕ್ಕಿಂತ ಹೆಚ್ಚು ವ್ಯವಸ್ಥೆ ಮಾಡುತ್ತಿದ್ದರು.

*

ಏಕಾದಶಿ, ಸಂಕಷ್ಟಿ, ಶ್ರಾವಣ ಸೋಮವಾರ, ನವರಾತ್ರಿ. ಊಟ ಬಿಟ್ಟವಳಿಗೆ ಕೈಮುಗಿಯುವ ದಿನಗಳು ನಮ್ಮ ಪಂಚಾಂಗದಲ್ಲಿ ಧಾರಾಳ. ವ್ರತ ಮಾಡುವವರು ಪಾರಣೆಗೆ ಕಾಯುತ್ತಾರೆ. ಪಾರಣೆಯ ಹೊತ್ತಿಗೆ ಇನ್ನೊಂದು ವ್ರತ ಹಿಡಿಯುವವರ ಮೇಲೆ ಕಣ್ಣಿಡಿ.

*

ತೂಕದ ಯಂತ್ರ ಬಡಪಾಯಿ; ಅದಕ್ಕೆ ಮೈ ಕಾಣುತ್ತದೆ, ರಕ್ತ ಕಾಣುವುದಿಲ್ಲ. 1979ರಲ್ಲಿ ಜೆರಾಲ್ಡ್ ರಸೆಲ್ ವಿವರಿಸಿದ ಬುಲಿಮಿಯಾ ಇರುವ ಹಲವರ ತೂಕ ನಿಮ್ಮ ನಮ್ಮಷ್ಟೇ ಇರುತ್ತದೆ. ತಿಂದು ಕಕ್ಕುವುದರಿಂದ ಪೊಟ್ಯಾಸಿಯಂ ಇಳಿದು ಎದೆಬಡಿತ ತಪ್ಪುತ್ತದೆ. ಮೇಲಿನ ಹಲ್ಲುಗಳ ಒಳಮೈ ಸವೆದದ್ದನ್ನು ಮೊದಲು ಕಾಣುವವರು ಹೆಚ್ಚಿನ ಸಲ ಹಲ್ಲಿನ ಡಾಕ್ಟರು. ಅವರು ಒಂದು ಪ್ರಶ್ನೆ ಮೆಲ್ಲಗೆ ಕೇಳಿದರೆ ಒಂದು ಜೀವ ಉಳಿದೀತು.

*

'ಅದು ಅವಳ ಸ್ವಭಾವ, ಬಿಟ್ಟುಬಿಡಿ' ಎನ್ನುವುದೂ ತಪ್ಪು. ಆಟಿಸಂ ಯಾರನ್ನೂ ಹಸಿವಿನಿಂದ ಸಾಯಿಸುವುದಿಲ್ಲ, ಅನೊರೆಕ್ಸಿಯಾ ಸಾಯಿಸುತ್ತದೆ. ಮನೋರೋಗಗಳಲ್ಲೇ ಹೆಚ್ಚು ಸಾವು ತರುವವುಗಳಲ್ಲಿ ಅದೊಂದು. ಸ್ವಭಾವಕ್ಕೆ ಜಾಗ ಮಾಡಿಕೊಡಬೇಕು, ಕಾಯಿಲೆಗೆ ಮದ್ದು ಮಾಡಬೇಕು. ಎರಡನ್ನೂ ಒಂದೇ ಆಸ್ಪತ್ರೆಯಲ್ಲಿ, ಒಂದೇ ದಿನ. ಬಹಳ ದಿನ ಹಸಿದವರಿಗೆ ಮನೆಯಲ್ಲಿ ಒಮ್ಮೆಲೇ ತುಂಬಿಸಿ ಬಡಿಸುವುದೂ ಸಲ್ಲ. ರಕ್ತದ ಫಾಸ್ಫೇಟ್ ಸರ್ರನೆ ಇಳಿದು ಪ್ರಾಣಕ್ಕೇ ಬಂದೀತು. ಆ ಊಟ ವೈದ್ಯರ ಕಣ್ಣೆದುರು ಶುರುವಾಗಬೇಕು.

*

ಎಲ್ಲಿ ಕೇಳುವುದು ಎಂದು ತೋಚದವರಿಗೆ ಟೆಲಿ-ಮಾನಸ್ ಸಹಾಯವಾಣಿ ಇದೆ: 14416. 2022ರ ಅಕ್ಟೋಬರಿನಲ್ಲಿ ಶುರುವಾದದ್ದು, ಕಾಸು ಬೇಡ, ಕನ್ನಡದಲ್ಲೇ ಮಾತಾಡಬಹುದು. ಫೋನು ಮಾಡಿದಾಗ ತೂಕವೊಂದನ್ನೇ ಹೇಳಬೇಡಿ. ಚಿಕ್ಕಂದಿನಲ್ಲಿ ಯಾವ ಬಟ್ಟೆ ಚುಚ್ಚುತ್ತಿತ್ತು, ಯಾವ ಸದ್ದಿಗೆ ಕಿವಿ ಮುಚ್ಚುತ್ತಿದ್ದಿರಿ, ಅದನ್ನೂ ಹೇಳಿ.

*

'ಒಂದು ತುತ್ತು ತಿನ್ನೇ, ನನ್ನಾಣೆ' ಎನ್ನುತ್ತಿದ್ದ ಚಿಕ್ಕಮ್ಮ ಈಗ ಆಣೆ ಇಡುವುದನ್ನು ಬಿಟ್ಟಿದ್ದಾರೆ. ಹಳೆ ಅಕ್ಕಿಯ ಮೂಟೆ ಎರಡು ತಿಂಗಳ ಮುಂಚೆಯೇ ತರಿಸಿಡುತ್ತಾರೆ. ಮಗಳು ಭಾನುವಾರ ಬಂದರೆ ಬಟ್ಟಲು ಜಗಲಿಗೆ ಹೋಗುತ್ತದೆ. ಅಲ್ಲಿ ಒಬ್ಬಳೇ ಕೂತು ತಿನ್ನುತ್ತಾಳೆ. ಹೋದ ತಿಂಗಳು ತಾನಾಗಿಯೇ ಒಂದು ತುಂಡು ಸೌತೆಕಾಯಿ ಕೇಳಿದಳಂತೆ, ಬೇರೆ ತಟ್ಟೆಯಲ್ಲಿ. ಚಿಕ್ಕಮ್ಮ ಅದನ್ನು ಫೋನಿನಲ್ಲಿ ನನಗೆ ಮೂರು ಸಲ ಹೇಳಿದರು.

*

ಮದುವೆ ಋತು ಮತ್ತೆ ಬರುತ್ತದೆ. ನೀವು ಬಡಿಸಲು ನಿಂತಾಗ ಎಲೆಗೆ ಒಂದು ಕೈ ಅಡ್ಡ ಬಂದರೆ, ದಯವಿಟ್ಟು ಸೌಟನ್ನು ಹಾಗೇ ಮುಂದಿನ ಎಲೆಗೆ ಒಯ್ಯಿರಿ.