ಬಿಚ್ಚು, ಪೋಣಿಸು, ಮುಡಿಸು

ಹೊರನಾಡಿನ ಕನ್ನಡ ಮನೆಗಳಲ್ಲಿ ಬೆಳೆಯುತ್ತಿರುವ ಎರಡು, ಮೂರು ವರ್ಷದ ಮಕ್ಕಳ ಮಾತಿಗೆ ಸ್ವಲ್ಪ ಹೊತ್ತು ಕಿವಿಗೊಟ್ಟರೆ ಒಂದು ಸಂಗತಿ ಎದ್ದು ಕಾಣುತ್ತದೆ. ಹೆಸರುಗಳು ಬಹುಮಟ್ಟಿಗೆ ಕನ್ನಡದಲ್ಲೇ ಇರುತ್ತವೆ: ಅಜ್ಜಿ, ತಾತ, ಹಾಲು, ಅನ್ನ, ತುಪ್ಪ, ಚಕ್ಕುಲಿ, ಮೂಗು, ಹೊಟ್ಟೆ. ಕೈ ಮಾಡುವ ಕೆಲಸವನ್ನು ಹೇಳಬೇಕಾದಾಗ ಮಾತ್ರ ‘ಬಾಕ್ಸ್ ಓಪನ್ ಮಾಡು’, ‘ಶೂ ರಿಮೂವ್ ಮಾಡು’, ‘ಇದನ್ನ ಪುಲ್ ಮಾಡು’ ಎಂದು ಇಂಗ್ಲಿಷಿನ ಕ್ರಿಯಾಪದಗಳೆಲ್ಲ ಸಾಲಾಗಿ ಬಂದು ‘ಮಾಡು’ ಎಂಬ ಒಂದೇ ಗೂಟಕ್ಕೆ ಕಟ್ಟಿಸಿಕೊಳ್ಳುತ್ತವೆ. ಮಕ್ಕಳು ಇದನ್ನು ಕಲಿತದ್ದು ದೊಡ್ಡವರಾದ ನಮ್ಮಿಂದಲೇ. ಬೆಂಗಳೂರಿನ ಮನೆಗಳಲ್ಲೂ ಈಗ ಇದೇ ಮಾತು ಕೇಳುತ್ತದೆ. ಆದರೆ ಅಲ್ಲಿನ ಮಗುವಿಗೆ ಹೂವಿನವರು, ತರಕಾರಿಯವರು, ಪಕ್ಕದ ಮನೆಯವರು ಕಳೆದದ್ದನ್ನು ಮತ್ತೆ ಕಿವಿಗೆ ಹಾಕುತ್ತಾರೆ. ನಮ್ಮ ಮಕ್ಕಳಿಗೆ ಮನೆಯೊಂದೇ ಆಸರೆ. ಈ ನಷ್ಟಕ್ಕೆ ಮನೆಯಲ್ಲೇ ಮಾಡಿಕೊಳ್ಳಬಹುದಾದ ಒಂದು ಸಣ್ಣ ಉಪಾಯವಿದೆ: ಫೆಲ್ಟ್ ಬಟ್ಟೆಯಲ್ಲಿ ಕೈಯಾರೆ ಹೊಲಿದ, ಮಗು ಬಿಚ್ಚಿ, ಮುಚ್ಚಿ, ಎಳೆದು ಆಡುವ ಚಟುವಟಿಕೆ ಪುಸ್ತಕ. ಅದನ್ನು ಅಕ್ಷರಮಾಲೆಯ ಪುಸ್ತಕವಾಗಿಸದೆ ಕ್ರಿಯಾಪದಗಳ ಪುಸ್ತಕವಾಗಿಸಿದರೆ ಮಾತ್ರ ಅದರ ಪೂರ್ತಿ ಫಲ ಸಿಗುತ್ತದೆ ಎಂಬುದು ನನ್ನ ವಾದ.

‘ಓಪನ್’ ಎಂಬ ಒಂದೇ ಪದ ನುಂಗಿದ್ದು ಎಷ್ಟನ್ನು ಎಂದು ಲೆಕ್ಕ ಹಾಕಿ ನೋಡಿ. ಕನ್ನಡದಲ್ಲಿ ನಾವು ಬಾಗಿಲು ತೆಗೆಯುತ್ತೇವೆ, ಗಂಟು ಬಿಚ್ಚುತ್ತೇವೆ, ಮಡಿಸಿದ ಬಟ್ಟೆ ಬಿಡಿಸುತ್ತೇವೆ, ಬಾಳೆಹಣ್ಣು ಸುಲಿಯುತ್ತೇವೆ, ಕಣ್ಣು ಬಿಡುತ್ತೇವೆ. ಉಡುಗೆಯ ಮಾತಿಗೆ ಬಂದರೆ ಸಂಪತ್ತು ಇನ್ನೂ ದೊಡ್ಡದು. ಸೀರೆ ಉಡುವುದು, ಅಂಗಿ ತೊಡುವುದು, ಹೂ ಮುಡಿಯುವುದು, ಚಪ್ಪಲಿ ಮೆಟ್ಟುವುದು, ಶಾಲು ಹೊದೆಯುವುದು, ರುಮಾಲು ಸುತ್ತುವುದು, ಕುಂಕುಮ ಇಡುವುದು. ಇವೆಲ್ಲ ಒಂದೇ ಕೆಲಸಕ್ಕೆ ಇಟ್ಟ ಬೇರೆ ಬೇರೆ ಹೆಸರುಗಳಲ್ಲ. ಬಟ್ಟೆ ಮೈಯನ್ನು ಬಳಸಿ ಬರುವ ಬಗೆ, ಹೂವು ಕೂದಲಿನಲ್ಲಿ ನಿಲ್ಲುವ ಬಗೆ, ಪಾದ ಚಪ್ಪಲಿಯ ಮೇಲೆ ಊರುವ ಬಗೆ ಬೇರೆ ಬೇರೆ ಎಂದು ಭಾಷೆ ಗಮನಿಸಿಕೊಂಡದ್ದರ ಗುರುತು. 13ನೇ ಶತಮಾನದಲ್ಲಿ ಶಬ್ದಮಣಿದರ್ಪಣ ಎಂಬ ಕನ್ನಡ ವ್ಯಾಕರಣ ಬರೆದ ಕೇಶಿರಾಜ, ಕ್ರಿಯಾಪದಗಳ ಮೂಲವಾದ ಧಾತುಗಳಿಗೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟ. ಧಾತು ಕೈತಪ್ಪಿದರೆ ಅದರಿಂದ ಹುಟ್ಟುವ ರೂಪಗಳೆಲ್ಲ ಕೈತಪ್ಪುತ್ತವೆ. ‘ಬಿಚ್ಚು’ ಗೊತ್ತಿರುವ ಮಗು ‘ಬಿಚ್ಚಿದೆ’, ‘ಬಿಚ್ಚಲ್ಲ’, ‘ಬಿಚ್ಚೋಣ್ವಾ’, ‘ಬಿಚ್ಚಿಕೊಡು’ ಎಂದು ತಾನೇ ಬೆಳೆಸಿಕೊಂಡು ಹೋಗುತ್ತದೆ. ‘ಓಪನ್’ ಗೊತ್ತಿರುವ ಮಗು ‘ಮಾಡು’ ಒಂದರ ರೂಪಗಳನ್ನೇ ಮತ್ತೆ ಮತ್ತೆ ತಿರುಗಿಸುತ್ತಿರುತ್ತದೆ.

ಇಷ್ಟು ಸೂಕ್ಷ್ಮ ಎರಡು ವರ್ಷದ ಮಗುವಿಗೆ ಎಲ್ಲಿ ತಿಳಿಯುತ್ತದೆ, ದೊಡ್ಡದಾದ ಮೇಲೆ ಕಲಿಯಲಿ ಎನ್ನುವವರಿದ್ದಾರೆ. ಇದಕ್ಕೆ ಉತ್ತರ ಕೊರಿಯನ್ ಭಾಷೆಯ ಮಕ್ಕಳಿಂದ ಬಂದಿದೆ. ಸೂಂಜಾ ಚೋಯ್ ಮತ್ತು ಮೆಲಿಸ್ಸಾ ಬೋವರ್‌ಮನ್ 1991ರಲ್ಲಿ ಪ್ರಕಟಿಸಿದ ಅಧ್ಯಯನ ಕೊರಿಯನ್ ಮತ್ತು ಇಂಗ್ಲಿಷ್ ಮನೆಮಾತಿನ ಪುಟ್ಟ ಮಕ್ಕಳನ್ನು ಹೋಲಿಸಿತು. ಇಂಗ್ಲಿಷಿನಲ್ಲಿ ಒಂದು ವಸ್ತುವನ್ನು ಇನ್ನೊಂದರ ಒಳಗೆ ಇಟ್ಟರೇ ಮೇಲೆ ಇಟ್ಟರೇ ಎಂಬುದು ಮುಖ್ಯ. ಕೊರಿಯನ್ನಿನಲ್ಲಿ ಎರಡೂ ವಸ್ತುಗಳು ಒಂದಕ್ಕೊಂದು ಬಿಗಿಯಾಗಿ ಕೂಡುವಂತೆ ಸೇರಿಸುವುದಕ್ಕೆ ಬೇರೆಯದೇ ಕ್ರಿಯಾಪದವಿದೆ. ಪೆನ್ನಿಗೆ ಮುಚ್ಚಳ ಸಿಗಿಸುವುದಾಗಲಿ, ಕ್ಯಾಸೆಟ್ಟನ್ನು ಅದರ ಡಬ್ಬಿಯೊಳಗೆ ಕೂರಿಸುವುದಾಗಲಿ ಆ ಒಂದು ಮಾತಿಗೆ ಸೇರುತ್ತದೆ. ಕೊರಿಯನ್ ಮಕ್ಕಳು ಎರಡು ವರ್ಷ ತುಂಬುವ ಮೊದಲೇ ತಮ್ಮ ಭಾಷೆ ಹಾಕಿಕೊಟ್ಟ ಈ ಗೆರೆಯಂತೆ ಮಾತಾಡುತ್ತಿದ್ದರು. ಅಂದರೆ ಕ್ರಿಯೆಗಳನ್ನು ತನ್ನ ಭಾಷೆ ಹೇಗೆ ವಿಂಗಡಿಸುತ್ತದೆ ಎಂಬುದನ್ನು ಮಗು ಹಿಡಿಯುವುದು ಬಹಳ ಬೇಗ. ಕನ್ನಡ ಕಲಿಸುವ ತರಗತಿಗೆ ಸೇರುವ ಹೊತ್ತಿಗೆ ಈ ಕಾಲ ಎಷ್ಟೋ ಹಿಂದೆ ಸರಿದಿರುತ್ತದೆ. ಅಕ್ಷರವನ್ನು ಆರರ ನಂತರವೂ ಚೆನ್ನಾಗಿ ಕಲಿಸಬಹುದು. ಉಡು, ತೊಡು, ಮುಡಿ ಎಂಬ ಭೇದವನ್ನು ನಾಲಿಗೆಗೆ ಸಹಜವಾಗಿಸುವ ವಯಸ್ಸು ತೊಡೆಯ ಮೇಲೆ ಕೂರುವ ವಯಸ್ಸೇ.

ಬಟ್ಟೆಯ ಪುಸ್ತಕ ಹೊಸದೇನಲ್ಲ. ಲಂಡನ್ನಿನ ಡೀನ್ಸ್ ಸಂಸ್ಥೆ ಮಕ್ಕಳಿಗಾಗಿ ಬಟ್ಟೆಯ ಮೇಲೆ ಅಚ್ಚು ಹಾಕಿದ ಪುಸ್ತಕಗಳನ್ನು 1903ರ ಸುಮಾರಿಗೆ ಹೊರತಂದಿತು. 1907ರಲ್ಲಿ ರೋಮಿನ ಸಾನ್ ಲೊರೆಂಜೊ ಬಡಾವಣೆಯಲ್ಲಿ ಮಕ್ಕಳ ಮನೆ ತೆರೆದ ಮರಿಯಾ ಮಾಂಟೆಸ್ಸರಿ ಗುಂಡಿ, ಹುಕ್ಕು, ದಾರ, ಗಂಟುಗಳನ್ನು ಬಿಚ್ಚಿ ಹಾಕಿ ಕಲಿಯುವ ಮರದ ಚೌಕಟ್ಟುಗಳನ್ನು ಬಳಕೆಗೆ ತಂದರು. ಅವರು 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು ಯುದ್ಧಕಾಲದ ವರ್ಷಗಳನ್ನು ಭಾರತದಲ್ಲೇ ಕಳೆದದ್ದರಿಂದ ಈ ಚೌಕಟ್ಟುಗಳು ನಮ್ಮೂರಿನ ಶಿಶುವಿಹಾರಗಳಿಗೂ ಅಪರಿಚಿತವಲ್ಲ. ಅಮೆರಿಕದಲ್ಲಿ ಈ ಎರಡೂ ಎಳೆಗಳು ಸೇರಿದಂತಹ ಒಂದು ಮನೆಗೆಲಸ ಬೆಳೆಯಿತು. ಚರ್ಚಿನ ಪ್ರಾರ್ಥನೆ ಮುಗಿಯುವ ತನಕ ಮಗು ಸದ್ದಿಲ್ಲದೆ ಕೂರಲಿ ಎಂದು ತಾಯಂದಿರು ಹೊಲಿದುಕೊಟ್ಟ ಬಟ್ಟೆಯ ಪುಸ್ತಕಕ್ಕೆ ‘ಕ್ವಯಟ್ ಬುಕ್’ ಎಂಬ ಹೆಸರೇ ನಿಂತಿತು. ಈಗ ಇದಕ್ಕೆ ಹೆಚ್ಚಾಗಿ ಫೆಲ್ಟ್ ಬಳಸುತ್ತಾರೆ, ಅದಕ್ಕೆ ಸರಿಯಾದ ಕಾರಣವಿದೆ. ಫೆಲ್ಟ್ ನೇಯ್ದ ಬಟ್ಟೆಯಲ್ಲ. ಉಣ್ಣೆಯ ಎಳೆಗಳಿಗೆ ಮೀನಿನ ಹೊರಪೊರೆಯಂತಹ ಸಣ್ಣ ಹುರುಪೆಗಳಿರುತ್ತವೆ. ಬಿಸಿ, ತೇವ, ಒತ್ತಡ ಮೂರೂ ಕೂಡಿದಾಗ ಎಳೆಗಳು ಒಂದನ್ನೊಂದು ಕಚ್ಚಿಕೊಂಡು ಹಾಳೆಯಾಗುತ್ತವೆ. ಹಾಸು ಹೊಕ್ಕು ಇಲ್ಲದ್ದರಿಂದ ಕತ್ತರಿಸಿದ ಅಂಚಿನಲ್ಲಿ ನೂಲು ಬಿಚ್ಚಿಕೊಳ್ಳುವುದಿಲ್ಲ, ಅಂಚು ಮಡಿಸಿ ಹೊಲಿಯುವ ಕೆಲಸವೂ ಇಲ್ಲ. ಹೊಲಿಗೆ ಅಷ್ಟಾಗಿ ಬಾರದವರ ಕೈಗೂ ಒಲಿಯುವ ಬಟ್ಟೆ ಅದು.

ನಮ್ಮ ಅಗತ್ಯ ಆ ಚರ್ಚಿನ ತಾಯಂದಿರ ಅಗತ್ಯಕ್ಕೆ ತಿರುವುಮುರುವು. ಮಗು ಸುಮ್ಮನಿರಲಿ ಎಂದು ಹುಟ್ಟಿದ ಪುಸ್ತಕವನ್ನು ನಾವು ಮಗು ಮಾತಾಡಲಿ ಎಂದು ಹೊಲಿಯಬೇಕಾಗಿದೆ. ಪುಸ್ತಕ ಕೊಟ್ಟು ಎದ್ದುಹೋದರೆ ಬೆರಳು ಚುರುಕಾಗಬಹುದು, ಕನ್ನಡ ಬರುವುದಿಲ್ಲ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಂಗ್ಲಿಷ್ ಮನೆಗಳ 9 ತಿಂಗಳ ಕೂಸುಗಳಿಗೆ 12 ಬಾರಿ ಮ್ಯಾಂಡರಿನ್ ಚೀನೀ ಭಾಷೆಯನ್ನು ಕೇಳಿಸಿದರು. ಎದುರಿಗೆ ಕೂತು ಆಟ ಆಡಿಸಿದವರಿಂದ ಕೂಸುಗಳು ಆ ಭಾಷೆಯ ಧ್ವನಿಭೇದವನ್ನು ಕಲಿತವು. ಅದೇ ಜನ ಅದೇ ಮಾತನ್ನು ವಿಡಿಯೊದಲ್ಲಿ ಆಡಿದಾಗ ಕಲಿಯಲಿಲ್ಲ. ಕ್ರಿಯಾಪದಗಳ ಬಗೆಗೇ ಸಾರಾ ರೋಸ್‌ಬೆರಿ, ಕ್ಯಾಥಿ ಹರ್ಶ್-ಪಾಸೆಕ್, ರಾಬರ್ಟಾ ಗೊಲಿಂಕಾಫ್ 2014ರಲ್ಲಿ ಪ್ರಕಟಿಸಿದ ಅಧ್ಯಯನ ನಮ್ಮಂಥವರಿಗೆ ಇನ್ನೂ ಹತ್ತಿರದ್ದು. 24ರಿಂದ 30 ತಿಂಗಳ ಮಕ್ಕಳು ಹೊಸ ಕ್ರಿಯಾಪದಗಳನ್ನು ಎದುರಿಗಿದ್ದವರಿಂದ ಕಲಿತರು, ಮಾತಿಗೆ ಮಾತು ಕೊಡುವ ವಿಡಿಯೊ ಕರೆಯಿಂದಲೂ ಕಲಿತರು, ಮೊದಲೇ ಮುದ್ರಿಸಿಟ್ಟ ವಿಡಿಯೊದಿಂದ ಕಲಿಯಲಿಲ್ಲ. ಶಿವಮೊಗ್ಗದಲ್ಲಿ ಕೂತ ಅಜ್ಜಿ ಫೋನಿನಲ್ಲಿ ಮಗುವಿನ ಬೆರಳನ್ನು ನೋಡುತ್ತ ‘ಆ ಹೂ ಬಿತ್ತಲ್ಲ ಪುಟ್ಟಿ, ಮತ್ತೆ ಮುಡಿಸು ಅವಳಿಗೆ’ ಎಂದರೆ ಆ ಮಾತು ನಾಟುತ್ತದೆ. ‘ಊಟ ಆಯ್ತಾ, ಚೆನ್ನಾಗಿದ್ದೀಯಾ’ ಎಂಬಲ್ಲಿಗೆ ನಿಂತುಹೋಗುವ ವಾರದ ಕರೆಗೆ ಮಗುವಿನ ಕೈಯಲ್ಲೊಂದು ಕೆಲಸ ಸಿಕ್ಕರೆ ಅಜ್ಜಿಗೂ ಮಾತು ಸಿಗುತ್ತದೆ. ಪುಟದ ಮೇಲೆ ಅಚ್ಚಾದ ಅಕ್ಷರ ಇಲ್ಲದ್ದರಿಂದ ಧಾರವಾಡದ ಅಜ್ಜಿ ಧಾರವಾಡದ ಮಾತಿನಲ್ಲಿ, ಕುಂದಾಪುರದ ಅಜ್ಜ ಕುಂದಾಪುರದ ಮಾತಿನಲ್ಲಿ ಆಡಿಸಬಹುದು. ಗ್ರಂಥದ ಕನ್ನಡಕ್ಕಿಂತ ಮೊದಲು ಮಗುವಿಗೆ ಬೇಕಾದದ್ದು ಆ ಮನೆಮಾತೇ.

ಈ ವಾದಕ್ಕೆ ಎದುರಾಗುವ ಅತಿ ಗಟ್ಟಿಯಾದ ಆಕ್ಷೇಪ ಸಂಶೋಧನೆಯಿಂದಲೇ ಬಂದಿದೆ, ಅದನ್ನು ಮುಚ್ಚಿಡಬಾರದು. ವರ್ಜೀನಿಯಾ ವಿಶ್ವವಿದ್ಯಾಲಯದ ಜೂಡಿ ಡಿಲೋಚ್ ಮತ್ತು ಸಂಗಡಿಗರು ಎಳೆಯುವ, ಎತ್ತುವ, ಮುಟ್ಟುವ ಭಾಗಗಳಿರುವ ಪುಸ್ತಕಗಳನ್ನು ಸಾದಾ ಚಿತ್ರಪುಸ್ತಕಗಳ ಜೊತೆ ಹೋಲಿಸಿದರು. 2010 ಮತ್ತು 2012ರಲ್ಲಿ ಪ್ರಕಟವಾದ ಫಲಿತಾಂಶಗಳ ಪ್ರಕಾರ ಮಕ್ಕಳು ಪ್ರಾಣಿಯ ಹೆಸರನ್ನಾಗಲಿ ಅಕ್ಷರವನ್ನಾಗಲಿ ಸಾದಾ ಪುಸ್ತಕದಿಂದಲೇ ಹೆಚ್ಚು ಕಲಿತರು. ಕೈಗೆ ಕೆಲಸ ಕೊಟ್ಟ ಪುಸ್ತಕ ಕಲಿಕೆಯನ್ನು ತಗ್ಗಿಸಿತು. ಹಾಗಾದರೆ ಗುಂಡಿ, ಜಿಪ್ಪುಗಳ ಪುಸ್ತಕ ಹೊಲಿದು ಏನು ಫಲ? ಆ ಪ್ರಯೋಗಗಳಲ್ಲಿ ಕೈ ಮಾಡಿದ ಕೆಲಸವೇ ಕಲಿಯಬೇಕಾದ ವಿಷಯವಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಮುಚ್ಚಳ ಎತ್ತುವುದಕ್ಕೂ ಅದರ ಅಡಿಯ ಅಕ್ಷರಕ್ಕೂ ನಂಟಿಲ್ಲ; ಮಗುವಿನ ಗಮನ ಮುಚ್ಚಳದ ಮೇಲೇ ನಿಂತಿತು, ಅಕ್ಷರ ಪಕ್ಕಕ್ಕೆ ಸರಿಯಿತು. ಆದ್ದರಿಂದ ಫೆಲ್ಟ್ ಪುಸ್ತಕದಲ್ಲಿ ‘ಅ ಅರಸ, ಆ ಆನೆ’ ಎಂದು ವರ್ಣಮಾಲೆ ಹೊಲಿಯಲು ಹೋಗುವವರಿಗೆ ಈ ಆಕ್ಷೇಪ ಪೂರ್ತಿ ಅನ್ವಯಿಸುತ್ತದೆ. ಅಷ್ಟು ಶ್ರಮಪಟ್ಟು ಅಕ್ಷರ ಕತ್ತರಿಸುವ ಬದಲು ಒಂದು ಸಾದಾ ಅಕ್ಷರ ಪುಸ್ತಕ ಕೊಡುವುದೇ ಮೇಲು. ಆದರೆ ಕಲಿಸಬೇಕಾದದ್ದು ಕ್ರಿಯೆಯೇ ಆಗಿದ್ದರೆ ಮಗುವಿನ ಗಮನ ಎಲ್ಲಿದೆಯೋ ಅಲ್ಲೇ ಪದವೂ ಇರುತ್ತದೆ. ಬೆರಳು ಬಿಚ್ಚುತ್ತಿರುವಾಗ ಕಿವಿಗೆ ‘ಬಿಚ್ಚು’ ಎಂಬ ಮಾತು ಬೀಳುತ್ತದೆ. ಆ ಅಧ್ಯಯನಗಳು ಇದನ್ನು ನೇರವಾಗಿ ಪರೀಕ್ಷಿಸಿದವು ಎಂದು ನಾನು ಹೇಳುತ್ತಿಲ್ಲ. ಅವುಗಳಿಂದ ಈ ತೀರ್ಮಾನಕ್ಕೆ ಬರುವುದು ನ್ಯಾಯ ಎನ್ನುತ್ತೇನೆ.

ಇದು ಸರಿಯಾದರೆ ಪುಟಗಳನ್ನು ಆರಿಸುವ ರೀತಿ ತಾನಾಗಿಯೇ ಬದಲಾಗುತ್ತದೆ. ಯಾವ ಚಿತ್ರ ಮುದ್ದಾಗಿದೆ ಎಂಬ ಪ್ರಶ್ನೆ ಹಿಂದೆ ಸರಿದು ಯಾವ ಧಾತು ಬೇಕು ಎಂಬ ಪ್ರಶ್ನೆ ಮುಂದೆ ಬರುತ್ತದೆ. ಅವರೆಕಾಯಿಯ ಪುಟವನ್ನು ನೋಡಿ. ಎರಡು ಹಸಿರು ಫೆಲ್ಟ್ ತುಂಡುಗಳನ್ನು ಕಾಯಿಯ ಆಕಾರಕ್ಕೆ ಕತ್ತರಿಸಿ, ಬೆನ್ನಿನ ಕಡೆ ಹೊಲಿದು, ಬಾಯಿಗೆ ಎರಡು ಟಿಚ್ ಬಟನ್ ಇಟ್ಟರೆ ಮಗು ಅದನ್ನು ಸುಲಿಯುತ್ತದೆ. ಒಳಗೆ ಹತ್ತಿ ತುಂಬಿದ ಮೂರು ದಪ್ಪ ಕಾಳು, ಒಂದೊಂದಕ್ಕೂ ಸೀಳಿರುವ ತೆಳು ಸಿಪ್ಪೆ. ಎರಡು ಬೆರಳ ನಡುವೆ ಹಿದುಕಿದರೆ ಕಾಳು ಹೊರಗೆ ಜಾರುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಸುಲಿ, ಹಿದುಕು, ಜಾರು ಎಂಬ ಮೂರು ಧಾತುಗಳು ಒಂದೇ ಪುಟದಲ್ಲಿ ಬಂದವು; ಮುಂದೊಂದು ಚಳಿಗಾಲದಲ್ಲಿ ಹಿದುಕಿದ ಬೇಳೆಯ ಸಾರು ಬಡಿಸುವಾಗ ಆ ಹೆಸರು ಮಗುವಿಗೆ ಹೊಸದಾಗಿರುವುದಿಲ್ಲ. ಗೊಂಬೆಯ ಪುಟವೊಂದಿದ್ದರೆ ಉಡುಗೆಯ ಧಾತುಗಳೆಲ್ಲ ಅಲ್ಲೇ ಸಿಗುತ್ತವೆ: ಹಳೆಯ ಇಳಕಲ್ ಸೀರೆಯ ತುಂಡೊಂದನ್ನು ಉಡಿಸಲು, ಗುಂಡಿ ಕಾಜಾ ಇರುವ ಅಂಗಿ ತೊಡಿಸಲು, ಉಣ್ಣೆಯ ಜಡೆಗೆ ಬಿಳಿ ಹೂ ಮುಡಿಸಲು, ಕಂಬಳಿಯ ಚೂರು ಹೊದಿಸಲು. ಮೊಲ್ಲೆಯಾಕಾರದ ಫೆಲ್ಟ್ ಹೂಗಳ ನಡುವೆ ತೂತು ಮಾಡಿ ದಪ್ಪ ದಾರ ಕೊಟ್ಟರೆ ಪೋಣಿಸುವುದು ಬರುತ್ತದೆ. ಲಾಡಿ ಹಾಕಿದ ಚೀಲ, ಚಿಲಕವಿರುವ ಬಾಗಿಲು, ತೂಗುವ ತೊಟ್ಟಿಲು ಎಂದು ಪ್ರತಿ ಮನೆಯೂ ತನ್ನ ಪಟ್ಟಿಯನ್ನು ಮುಂದುವರಿಸಬಹುದು.

ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಇದಕ್ಕೆಲ್ಲ ಹೊತ್ತೆಲ್ಲಿದೆ, ಅಂಗಡಿಯಲ್ಲಿ ಸಿದ್ಧ ಪುಸ್ತಕ ಸಿಗುತ್ತದಲ್ಲ ಎಂಬುದು ನ್ಯಾಯವಾದ ಪ್ರಶ್ನೆ. ಸಿದ್ಧ ಪುಸ್ತಕ ಕೊಂಡು ಕನ್ನಡದಲ್ಲಿ ಮಾತಾಡಿದರೆ ಅದೂ ಒಳ್ಳೆಯದೇ. ಆದರೆ ಆ ಪುಸ್ತಕದಲ್ಲಿ ಶೂ ಲೇಸು, ಅಂಚೆಪೆಟ್ಟಿಗೆ, ಟ್ರ್ಯಾಕ್ಟರು ಇರುತ್ತವೆ. ಮುಡಿಯುವ, ಹಿದುಕುವ, ಪೋಣಿಸುವ ಪುಟಗಳನ್ನು ಯಾರೂ ನಮಗಾಗಿ ಮಾಡಿಟ್ಟಿಲ್ಲ. ಎಂಟು ಪುಟ ಒಮ್ಮೆಗೇ ಬೇಕಿಲ್ಲ. ಒಂದು ಪುಟ ಹೊಲಿದು, ಮೂಲೆಯಲ್ಲಿ ರಿಂಗು ಹಾಕಿಟ್ಟರೆ ಮುಂದಿನ ತಿಂಗಳು ಇನ್ನೊಂದು ಸೇರಿಸಬಹುದು. ಈ ಹೊರೆ ತಾಯಿಯ ತಲೆಗೇ ಬೀಳುತ್ತದೆ ಎನ್ನುವವರಿಗೂ ಉತ್ತರವಿದೆ: ನಮ್ಮ ಪೇಟೆಬೀದಿಗಳ ದರ್ಜಿ ಅಂಗಡಿಗಳಲ್ಲಿ ಸೂಜಿ ಹಿಡಿದವರು ಬಹುಪಾಲು ಗಂಡಸರೇ, ಸೂಜಿ ತಂದೆಯ ಕೈಗೆ ಹೊರಗಿನದಲ್ಲ. ಕೆಲವು ಎಚ್ಚರಗಳನ್ನು ಮಾತ್ರ ಬಿಡಬಾರದು. ಅಮೆರಿಕದ ನಿಯಮದಲ್ಲಿ ಮೂರು ವರ್ಷದೊಳಗಿನವರ ಆಟಿಕೆಯ ಬಿಡಿ ತುಂಡುಗಳನ್ನು 1.25 ಅಂಗುಲ ವ್ಯಾಸದ ಗಿಡ್ಡ ಸಿಲಿಂಡರಿನಲ್ಲಿ ಹಾಕಿ ಪರೀಕ್ಷಿಸುತ್ತಾರೆ. ಪೂರ್ತಿ ಒಳಗೆ ಕೂರುವ ತುಂಡು ಗಂಟಲಿಗೆ ಅಪಾಯ. ನಮ್ಮ ಅವರೆಕಾಳು ಅದಕ್ಕಿಂತ ದೊಡ್ಡದಿರಲಿ, ಗಿಡ್ಡ ದಾರದಿಂದ ಪುಟಕ್ಕೇ ಸೇರಿಸಿ ಹೊಲಿದಿರಲಿ. ದಾರ ಒಂದು ಗೇಣಿಗಿಂತ ಉದ್ದ ಬೇಡ. ಮಣಿ, ಅಯಸ್ಕಾಂತ ಖಂಡಿತ ಬೇಡ. ಗುಂಡಿಯನ್ನು ಎರಡು ಪದರಕ್ಕೆ ಸೇರಿಸಿ ಹೊಲಿದು ವಾರಕ್ಕೊಮ್ಮೆ ಎಳೆದು ನೋಡಬೇಕು. ಉಣ್ಣೆಯ ಫೆಲ್ಟ್ ಬಿಸಿನೀರಿನಲ್ಲಿ ಕುಗ್ಗುತ್ತದೆ, ತಣ್ಣೀರಿನಲ್ಲಿ ಕೈಯಿಂದ ಒಗೆದು ನೆರಳಲ್ಲಿ ಹರವಬೇಕು.

ಶಾಲೆಗೆ ಹೋದ ಮೇಲೆ ಮಗು ಇಂಗ್ಲಿಷಿಗೇ ಹೊರಳುತ್ತದೆ, ಈ ಶ್ರಮವೆಲ್ಲ ನೀರಿನಲ್ಲಿ ಹೋಮವಲ್ಲವೇ ಎಂಬ ಸಂಶಯ ಬಹಳ ತಂದೆತಾಯಂದಿರನ್ನು ಮೊದಲೇ ಕೈಬಿಡಿಸುತ್ತದೆ. ಬಟ್ಟೆಯ ಪುಸ್ತಕವೊಂದು ಹೊರಳುವುದನ್ನು ತಡೆಯುತ್ತದೆ ಎಂದು ಯಾರೂ ಭರವಸೆ ಕೊಡಲಾರರು. ಆದರೆ ಮೊದಲು ಕೇಳಿದ ಭಾಷೆ ಪೂರ್ತಿ ಅಳಿಯುವುದಿಲ್ಲ ಎಂಬುದಕ್ಕೆ ಆಧಾರವಿದೆ. ದಕ್ಷಿಣ ಕೊರಿಯಾದಿಂದ ನೆದರ್ಲೆಂಡ್ಸ್‌ಗೆ ಶೈಶವದಲ್ಲೇ ದತ್ತು ಹೋಗಿ, ಡಚ್ ಭಾಷೆಯಲ್ಲೇ ಬೆಳೆದು ದೊಡ್ಡವರಾದವರಿಗೆ ಕೊರಿಯನ್ ಧ್ವನಿಗಳನ್ನು ಕಲಿಸಿದಾಗ ಅವರು ಆ ಭಾಷೆಯನ್ನು ಎಂದೂ ಕೇಳದ ಡಚ್ಚರಿಗಿಂತ ಚೆನ್ನಾಗಿ ಉಚ್ಚರಿಸಿದರು ಎಂದು 2017ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಷ್ಟು ದೂರ ಸರಿದವರಲ್ಲೇ ಅಷ್ಟು ಉಳಿದಿದ್ದರೆ, ದಿನವೂ ಅಮ್ಮ ಅಪ್ಪನ ಜೊತೆ ಇರುವ ಮಗುವಿನಲ್ಲಿ ಬಿತ್ತಿದ ಧಾತು ವ್ಯರ್ಥವಾಗುತ್ತದೆ ಎಂದು ನಂಬಲು ಕಾರಣವಿಲ್ಲ.

ಕನ್ನಡ ಕೂಟಗಳು ಈ ಕೆಲಸವನ್ನು ಒಬ್ಬೊಬ್ಬರ ಹೆಗಲಿನಿಂದ ಇಳಿಸಬಹುದು. ಹತ್ತು ಮನೆಯವರು ಒಂದು ಮಧ್ಯಾಹ್ನ ಸೇರಿ, ಒಬ್ಬೊಬ್ಬರು ಒಂದೇ ಪುಟವನ್ನು ಹತ್ತು ಪ್ರತಿ ಕತ್ತರಿಸಿಕೊಂಡು ಬಂದರೆ, ಪ್ರತಿ ಮನೆಗೂ ಹತ್ತು ಬಗೆಯ ಪುಟಗಳು ಸಿಗುತ್ತವೆ. ಬೇರೆ ಬೇರೆ ಸೀರೆಯ ಚೂರುಗಳು ಸೇರಿ ಕೌದಿಯಾಗುವಂತೆ ಬೇರೆ ಬೇರೆ ಊರಿನ ಮಾತುಗಳು ಅಲ್ಲಿ ಕೂಡುತ್ತವೆ. ಮಗು ಬೆಳೆದ ಮೇಲೆ ಪುಸ್ತಕ ಇನ್ನೊಂದು ಮನೆಗೆ ಹೋಗಲಿ. ಅಷ್ಟರಲ್ಲಿ ಅವರೆಕಾಯಿಯ ಟಿಚ್ ಬಟನ್ ಸಡಿಲವಾಗಿರುತ್ತದೆ, ಗೊಂಬೆಯ ಜಡೆ ಕೆದರಿರುತ್ತದೆ. ಮೊದಮೊದಲು ‘ಬಿಚ್ಚು, ಸುಲಿ, ಮುಡಿಸು’ ಎಂದು ಹೇಳುತ್ತಿದ್ದವರು ನಾವು. ಒಂದು ದಿನ ಮಗು ಪುಸ್ತಕವನ್ನು ನಮ್ಮ ತೊಡೆಯ ಮೇಲಿಟ್ಟು ‘ಈಗ ನೀನು ಬಿಚ್ಚು’ ಎನ್ನುತ್ತದೆ. ಅಂದು ಆ ಧಾತು ಮಗುವಿನದಾಯಿತು.