ಹೂವಿನ ಮೂಲ, ಮನುಷ್ಯನ ಮೂಲ

ಮನೆಯಂಗಳದಲ್ಲಿ ಕಾಡು ಟ್ಯೂಲಿಪ್ ಬೆಳೆಸುವ ಆಸೆ ನಮ್ಮಲ್ಲಿ ಕೆಲವರಿಗಿದೆ. ಆದರೆ ಮಧ್ಯ ಏಷ್ಯಾದ ಬೆಟ್ಟಗಳ ಆ ಗೆಡ್ಡೆಗೆ ಹಲವು ವಾರಗಳ ಕೊರೆಯುವ ಚಳಿ ಬೇಕು. ಬೆಂಗಳೂರಿನ ಚಳಿ ಅದಕ್ಕೆ ಸಾಲದು. ಬಸವನಗುಡಿ, ಚಾಮರಾಜಪೇಟೆಯ ಹಳೆಯ ಮನೆಗಳಲ್ಲಿ ಮಳೆ ಬಿದ್ದ ಕೆಲವೇ ದಿನಗಳಲ್ಲಿ ಅರಳುವ ಗೆಡ್ಡೆಹೂವೆಂದರೆ ರೈನ್ ಲಿಲ್ಲಿ.

ಹಾಗಾದರೆ ಅದು ಇಲ್ಲಿಯದೇ? ಅಲ್ಲ. ಬಿಳಿ ಹೂವಿನ, ಈರುಳ್ಳಿಯಂಥ ಸಣ್ಣ ಎಲೆಯ ಪ್ರಭೇದ ಅರ್ಜೆಂಟೀನಾ ಕಡೆಯದು. ದೊಡ್ಡ ಗುಲಾಬಿ ಬಣ್ಣದ ಹೂವಿನ, ಚಪ್ಪಟೆ ಎಲೆಯದು ಮೆಕ್ಸಿಕೊ ಕಡೆಯದು. ಗಾಂಧಿಬಜಾರಿನಲ್ಲಿ ಪೂಜೆಗೆ ಕೊಳ್ಳುವ ಚೆಂಡುಹೂವಿನ ಮೂಲವೂ ಮೆಕ್ಸಿಕೊ. 1760ರಲ್ಲಿ ಹೈದರಾಲಿ ಆರಂಭಿಸಿ ಟಿಪ್ಪು ಬೆಳೆಸಿದ ಲಾಲ್‌ಬಾಗ್ ದೂರದೇಶಗಳ ಗಿಡಗಳಿಂದಲೇ ಸಮೃದ್ಧವಾಯಿತು.

ಹೊರಗಿನದೆಲ್ಲ ಒಳ್ಳೆಯದೆಂದೇನೂ ಅಲ್ಲ. ಅದೇ ಅಮೆರಿಕ ಖಂಡದಿಂದ ಬಂದ ಲಂಟಾನ ಬಂಡೀಪುರದ ನೆಲವನ್ನು ಮುಚ್ಚಿ, ಜಿಂಕೆ ಕಡವೆಗಳ ಮೇವನ್ನು ಕುಗ್ಗಿಸಿದೆ. ಒಂದೇ ಕಡೆಯಿಂದ ಬಂದ ಎರಡು ಗಿಡಗಳಲ್ಲಿ ಒಂದನ್ನು ಕೀಳುತ್ತೇವೆ, ಇನ್ನೊಂದಕ್ಕೆ ನೀರೆರೆಯುತ್ತೇವೆ. ಅಂದರೆ ಗಿಡದ ವಿಷಯದಲ್ಲಿ ನಾವು ನೋಡುವುದು ಮೂಲವನ್ನಲ್ಲ, ಅದು ಇಲ್ಲಿ ಮಾಡುವುದನ್ನು.

ಗಿಡದ ಮೂಲವನ್ನು ವಿಚಾರಿಸುವುದೂ ಅದಕ್ಕೆಷ್ಟು ಬಿಸಿಲು, ಎಷ್ಟು ನೀರು ಬೇಕೆಂದು ತಿಳಿಯಲಿಕ್ಕೆ. ಮನೆ ಬಾಡಿಗೆಗೆ ಕೇಳಿ ಬಂದವರನ್ನು ‘ನೀವು ಯಾವ ಜನ? ಎಲ್ಲಿಯವರು?’ ಎಂದು ವಿಚಾರಿಸುವಾಗ ನಮ್ಮ ಉದ್ದೇಶವೇನು? ಅವರಿಗೇನು ಅನುಕೂಲ ಬೇಕೆಂದು ತಿಳಿಯುವುದೋ, ಬಾಗಿಲಿನಿಂದಲೇ ಸಾಗಹಾಕುವುದೋ? ಗಿಡಕ್ಕಾದರೆ ಒಂದು ಮಳೆಗಾಲದ ಅವಕಾಶ ಕೊಡುತ್ತೇವೆ. ಕಳೆಯಂತೆ ಕಿತ್ತೆಸೆಯಲಾಗದ ಮನುಷ್ಯನಿಗೆ ಅಷ್ಟನ್ನೂ ಕೊಡದಿರುವುದು ಯಾವ ನ್ಯಾಯ?