ಮಸಲತ್ತು ಯಾರೊಂದಿಗೆ?

'ಮಸಲತ್ತು' ಎಂಬ ಮಾತು ಕಿವಿಗೆ ಬಿದ್ದೊಡನೆ ನಮಗೆ ಒಳಸಂಚು ನೆನಪಾಗುತ್ತದೆ. ಆದರೆ ಅರಬಿಯಲ್ಲಿ ಇದರ ಮೂಲವಾದ 'ಮಸ್ಲಹತ್' ಎಂಬುದಕ್ಕೆ ಹಿತ, ಒಳಿತು ಎಂದರ್ಥ. ಕನ್ನಡದಲ್ಲಿ ಅದು ಸಮಾಲೋಚನೆಯೂ ಆಯಿತು, ಸಂಚೂ ಆಯಿತು. ಇದರಲ್ಲಿ ನಮಗೊಂದು ಪಾಠವಿದೆ. ಜನರ ಹಿತವನ್ನು ಜನರಿಲ್ಲದ ಕೋಣೆಯಲ್ಲಿ ಕುಳಿತು ತೀರ್ಮಾನಿಸಿದರೆ, ಬಾಗಿಲ ಹೊರಗೆ ನಿಂತವರಿಗೆ ಅದು ಸಂಚಿನಂತೆಯೇ ಕಾಣುತ್ತದೆ.

ಚನ್ನಪಟ್ಟಣದ ಗೊಂಬೆ ಕಸುಬನ್ನೇ ನೋಡೋಣ. ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಇಲ್ಲಿನವರಿಗೆ ಈ ವಿದ್ಯೆ ಕಲಿಸಿದನೆಂಬ ಮಾತು ರೂಢಿಯಲ್ಲಿದೆ. ಆಲೆ ಮರದ ತುಂಡನ್ನು ಲೇತಿಗೆ ಕಟ್ಟಿ ಕಡೆದು, ಬಣ್ಣದ ಅರಗು ಒತ್ತಿ, ಕೇದಿಗೆ ಗರಿಯಿಂದ ಉಜ್ಜಿ ಹೊಳಪು ತರುವ ಈ ಕೆಲಸದಲ್ಲಿ ಮುಸ್ಲಿಮರೂ ಹಿಂದೂಗಳೂ ಇದ್ದಾರೆ. ಹೆಂಗಸರ ಪಾಲೂ ದೊಡ್ಡದು. ಇವರಿಗೆ ಒಳಿತು ಬಯಸಿದವರು ಇಲ್ಲವೆಂದಲ್ಲ. ಸರಕಾರ ಲೇತ್ ಯಂತ್ರಗಳಿರುವ ಕರಕುಶಲ ಸಂಕೀರ್ಣವನ್ನು ಕಟ್ಟಿಸಿತು. 'ವಿಶ್ವ' ಯೋಜನೆಯ ನೆರವು ಬಂತು. 2005-06ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿತು.

ಆದರೂ ದೂರದಲ್ಲಿ ಬರೆದ ಒಂದು ಸಾಲು ಈ ಊರಿನ ಅನ್ನವನ್ನು ಅಲುಗಿಸಬಲ್ಲದು. ಆಟಿಕೆಗಳಿಗೆ ಐಎಸ್‌ಐ ಗುರುತನ್ನು ಕಡ್ಡಾಯಗೊಳಿಸುವ ಕೇಂದ್ರದ ಆದೇಶ ಬಂದದ್ದು 2020ರ ಫೆಬ್ರವರಿಯಲ್ಲಿ. ಮಕ್ಕಳ ಸುರಕ್ಷತೆಯ ಉದ್ದೇಶ ಒಳ್ಳೆಯದೇ. ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಗುರುತಿನ ಅಧಿಕೃತ ಬಳಕೆದಾರರಿಗೂ ವಿನಾಯಿತಿ ಬಂದದ್ದು ಮಾತ್ರ ಆ ವರ್ಷದ ಡಿಸೆಂಬರಿನಲ್ಲಿ. ಪಟ್ಟಿಯಲ್ಲಿ ಹೆಸರಿಲ್ಲದ ಕೈಗಳ ಪಾಡೇನು? 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿ ಪಟ್ಟಣವನ್ನು ಹೊರಗಿನಿಂದಲೇ ದಾಟಿಹೋಯಿತು. ಪ್ರಯಾಣಿಕರಿಗೆ ಸಮಯ ಉಳಿಯಿತು, ಹಳೆಯ ರಸ್ತೆಯ ಗೊಂಬೆ ಅಂಗಡಿಗಳಿಗೆ ಗಿರಾಕಿ ಉಳಿಯಲಿಲ್ಲ.

ಸರಕಾರವನ್ನು ದೂರಿ ಸುಮ್ಮನಾಗುವುದು ಸುಲಭ. ನಾವೇನು ಬೇರೆ ರೀತಿ ನಡೆದುಕೊಳ್ಳುತ್ತೇವೆಯೇ? ಊರಿನ ಕುಶಲಕರ್ಮಿಗಳಿಗಾಗಿ ಒಂದು ಸಾಮೂಹಿಕ ಮಾರಾಟ ಮಳಿಗೆ ತೆರೆಯಬೇಕೆಂದು ನಾವು ನಾಲ್ವರು ವಿದ್ಯಾವಂತರು ಹೊರಟೆವೆನ್ನಿ. ಮೊದಲು ಜಾಗ ಗೊತ್ತುಮಾಡುತ್ತೇವೆ, ದಾನಿಗಳನ್ನು ಹುಡುಕುತ್ತೇವೆ, ಉದ್ಘಾಟಕರ ಒಪ್ಪಿಗೆ ಪಡೆಯುತ್ತೇವೆ. ಆಮೇಲೆ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆಯುತ್ತೇವೆ. ತುಂಡಿಗಿಷ್ಟು ಎಂದು ಕೂಲಿ ಪಡೆಯುವವನಿಗೆ ಆ ಹೊತ್ತಿನ ಸಭೆಯೆಂದರೆ ಅರ್ಧ ದಿನದ ಸಂಪಾದನೆ ಹೋದಂತೆ. ಅವನು ಬರುವುದಿಲ್ಲ. 'ಈ ಜನಕ್ಕೆ ಕಾಳಜಿಯೇ ಇಲ್ಲ' ಎಂದು ನಾವು ನಿಟ್ಟುಸಿರು ಬಿಡುತ್ತೇವೆ. ಬಂದವರು ಕಾರ್ಖಾನೆಯ ಮಾಲೀಕರು ಮತ್ತು ಸಮುದಾಯದ ಹಿರಿಯರು. ಅವರ ಒಪ್ಪಿಗೆಯನ್ನೇ ಊರಿನ ಒಪ್ಪಿಗೆಯೆಂದು ಬರೆದುಕೊಳ್ಳುತ್ತೇವೆ. ಆದರೆ ಮಾಲೀಕನ ಹಿತ, ಕೂಲಿಯವನ ಹಿತ, ಮನೆಯಲ್ಲೇ ಕುಳಿತು ಬಣ್ಣ ಹಚ್ಚುವ ಹೆಣ್ಣುಮಗಳ ಹಿತ, ಇವೆಲ್ಲ ಒಂದೇ ಅಲ್ಲ. ಸಮುದಾಯ ಎಂಬ ಒಂದು ಪದದಡಿ ಇವರೆಲ್ಲರನ್ನೂ ಸೇರಿಸುವಾಗ, ದನಿ ಸಣ್ಣದಿರುವವರು ಮೊದಲು ಕಾಣೆಯಾಗುತ್ತಾರೆ.

'ಎಲ್ಲರನ್ನೂ ಕೇಳುತ್ತ ಕೂತರೆ ಯಾವ ಕೆಲಸವೂ ಆಗದು' ಎಂಬ ಆಕ್ಷೇಪವಿದೆ. ಇದನ್ನು ತಳ್ಳಿಹಾಕುವಂತಿಲ್ಲ. ಕೇಳುವುದರಿಂದ ತಡವಾಗುತ್ತದೆ, ಜಗಳವೂ ಹುಟ್ಟುತ್ತದೆ. ಜನರು ಹೇಳಿದ್ದೆಲ್ಲ ಸರಿಯಾಗಿರಬೇಕೆಂದೂ ಇಲ್ಲ. ಆದರೆ ಯೋಜನೆ ಸೋತರೆ ನಾವು ಮನೆಗೆ ಮರಳುತ್ತೇವೆ, ನಷ್ಟ ಹೊರುವವರು ಅವರು. ನಷ್ಟ ಯಾರದೋ ಮಾತಿನ ಹಕ್ಕೂ ಅವರದ್ದಾಗಬೇಕು. ನಮ್ಮ ಸದುದ್ದೇಶ ಈ ಹಕ್ಕಿಗೆ ಬದಲಿಯಾಗಲಾರದು.

ಹಾಗಾದರೆ ನಿಜವಾದ ಸಮಾಲೋಚನೆಯ ಗುರುತೇನು? 'ಬೇಡ' ಎನ್ನಲು ಅವಕಾಶವಿರಬೇಕು, ಹಾಗೆ ಅಂದವರ ಮಾತಿನಿಂದ ಯೋಜನೆ ಬದಲಾಗುವಂತಿರಬೇಕು. ಅರಗು ಮರಕ್ಕೆ ಹಿಡಿಯುವುದು ಮರ ಲೇತಿನಲ್ಲಿ ತಿರುಗುತ್ತಿರುವಾಗ, ಉಜ್ಜಾಟದ ಬಿಸಿಗೆ. ಯಂತ್ರ ನಿಂತ ಮೇಲೆ ಎಷ್ಟು ಒತ್ತಿದರೂ ಅದು ಅಂಟದು. ಜನರ ಮಾತಿಗೂ ಹೊತ್ತಿದೆ. ಎಲ್ಲ ಮುಗಿದ ಮೇಲೆ ಕರೆದರೆ ಅವರು ಚಪ್ಪಾಳೆ ತಟ್ಟಲಷ್ಟೇ ಉಪಯೋಗಕ್ಕೆ ಬರುತ್ತಾರೆ.

ಆದ್ದರಿಂದ ಸಭೆಯನ್ನು ಅವರ ಬಿಡುವಿನ ಹೊತ್ತಿಗೆ ಇಡೋಣ. ಕೂಲಿ ತಪ್ಪುವುದಾದರೆ ಅದನ್ನು ತುಂಬಿಕೊಡೋಣ. ಹೆಂಗಸರು ಕೂಡುವ ಕಡೆಗೆ ನಾವೇ ಹೋಗೋಣ. ಮಳಿಗೆಯೇ ಬೇಡ, ಒಳ್ಳೆಯ ಮರ ಸಿಕ್ಕರೆ ಸಾಕು ಎಂದು ಅವರು ಹೇಳಿದರೆ, ಉದ್ಘಾಟಕರಿಗೆ ಕ್ಷಮೆ ಕೇಳಿ ಮರದ ದಾರಿ ಹುಡುಕೋಣ. ಇದು ನಮ್ಮ ಅಭಿಮಾನಕ್ಕೆ ಪೆಟ್ಟು ಎಂಬುದು ನಿಜ. ಆ ಪೆಟ್ಟನ್ನು ತಾಳಿಕೊಳ್ಳಲು ನಾವು ಸಿದ್ಧರಿದ್ದರೆ ನಮ್ಮ ಮಸಲತ್ತಿಗೆ ಅದರ ಹಳೆಯ ಅರ್ಥ ಮರಳಿ ಬರುತ್ತದೆ. ಸಿದ್ಧರಿಲ್ಲದಿದ್ದರೆ, ಜನರು ಅದನ್ನು ಸಂಚೆಂದು ಕರೆದಾಗ ನಾವು ನೊಂದುಕೊಳ್ಳಬಾರದು.